ವೈಪರ್ ಬ್ಲೇಡ್ ಎಲ್ಲಿ ತಗೊಳ್ಳೋದು? ಕಡೂರು, ತರೀಕೆರೆ, ಅಜ್ಜಂಪುರದೋರಿಗೆ ಒಂದು ಸೀರೀಸ್

1/8
ಫೋಟೊ ನೋಡಿ ನಗಬೇಡಿ. ಹೌದು, ಅದು ಹಳೇ ವೈಪರ್ ಬ್ಲೇಡೇ. ನ್ಯೂಸ್ ಪೇಪರ್ ಮೇಲಿಟ್ಟು ತೆಗೆದಿದ್ದೀನಿ. ಅಂಚು ಹೆಂಗೆ ಹರಿದು ನೇತಾಡ್ತಿದೆ ಅಂತ ಜೂಮ್ ಮಾಡಿ ನೋಡಿ.

ಈ ಸಲದ ಸೀರೀಸ್ ಪೂರ್ತಿ ಇದರ ಬಗ್ಗೆನೇ. ವೈಪರ್ ಬ್ಲೇಡ್ ಹೋದ್ರೆ ಹೊಸದು ಎಲ್ಲಿ ತಗೋಬೇಕು? ಊರಿನ ಸ್ಪೇರ್ ಪಾರ್ಟ್ಸ್ ಅಂಗಡೀಲಾ, ಶೋರೂಮಿಗೆ ಹೋಗಬೇಕಾ, ಇಲ್ಲಾ ಫೋನಲ್ಲೇ ಆರ್ಡರ್ ಹಾಕಿ ಸುಮ್ನೆ ಕೂರಬೇಕಾ?

ನಮ್ಮಪ್ಪ ಹಳದಿ ಬೋರ್ಡ್ ಕಾರ್ ಓಡಿಸ್ತಾರೆ ಅಂತ ನಮ್ ಕ್ಲಾಸಿನೋರಿಗೆ ಗೊತ್ತು. ಕಡೂರು ಸ್ಟೇಷನ್ನಲ್ಲಿ ಇಳಿಯೋರನ್ನ ಚಿಕ್ಕಮಗಳೂರು, ಕೆಮ್ಮಣ್ಣುಗುಂಡಿ ಕಡೆ ಕರ್ಕೊಂಡು ಹೋಗೋದೇ ನಮ್ಮನೆ ಹೊಟ್ಟೆಪಾಡು. 2013ರಲ್ಲಿ ಕಡೂರಿಂದ ಚಿಕ್ಕಮಗಳೂರಿಗೆ ರೈಲು ಶುರುವಾಯ್ತು, ನಿಜ. ಆದ್ರೆ ಹೊತ್ತಲ್ಲದ ಹೊತ್ತಲ್ಲಿ ಲಗೇಜು, ಮಕ್ಕಳು, ಅಜ್ಜಿ ಎಲ್ಲಾ ಸೇರಿ ಇಳಿದೋರಿಗೆ ಕಾರೇ ಬೇಕು. ಹಾಗಾಗಿ ನಮ್ಮನೇಲಿ ಟೈರು, ಬ್ರೇಕು, ವೈಪರ್ ಮಾತು ಊಟದ ಹೊತ್ತಲ್ಲೂ ನಡೆಯತ್ತೆ. ಎರಡು ವರ್ಷದಿಂದ ಸಣ್ಣಪುಟ್ಟ ಪಾರ್ಟ್ಸ್ ತರೋ ಕೆಲಸ ನಂದು.

ಇಷ್ಟು ಸಣ್ಣ ವಿಷಯಕ್ಕೆ ಎಂಟು ಪೋಸ್ಟ್ ಬೇಕಾ ಅಂತ ಕೇಳ್ತೀರಿ. ಟೈರು ಸವೆದ್ರೆ ದಿನಾ ಕಾಣತ್ತೆ. ಬ್ಯಾಟರಿ ಹೋದ್ರೆ ಬೆಳಿಗ್ಗೆನೇ ಗೊತ್ತಾಗತ್ತೆ. ವೈಪರ್ ಹೋಗಿದ್ದು ಗೊತ್ತಾಗೋದು ಮಳೆ ಬಿದ್ದಾಗ ಮಾತ್ರ. ಆಗ ನೀವು ರಸ್ತೆ ಮಧ್ಯ ಇರ್ತೀರಿ, ಅಂಗಡಿ ಎಲ್ಲೋ ಇರತ್ತೆ.

2/8
ಮೊದಲು ನಮ್ಮೂರ ಕಡೆ ಬ್ಲೇಡ್ ಯಾಕೆ ಬೇಗ ಹೋಗತ್ತೆ ಅಂತ ತಿಳ್ಕೊಳ್ಳಿ.

ವೈಪರ್ ರಬ್ಬರಿಗೆ ಶತ್ರು ಮಳೆ ಅಲ್ಲ, ಬಿಸಿಲು. ಬಿಸಿಲಿನ ನೇರಳಾತೀತ ಕಿರಣ, ಗಾಳಿಯ ಓಜೋನ್ ಎರಡೂ ಸೇರಿ ರಬ್ಬರನ್ನ ಗಟ್ಟಿ ಮಾಡ್ತವೆ. ಗ್ಲಾಸಿಗೆ ತಾಗೋ ಅಂಚು ತೀರಾ ತೆಳು. ಬಿರುಕು ಬಿಡೋದು ಮೊದಲು ಅಲ್ಲೇ. ಅದರ ಮೇಲೆ ಧೂಳು ಕೂತು, ಒಣ ಗ್ಲಾಸ್ ಮೇಲೆ ವೈಪರ್ ಆಡಿಸಿದ್ರೆ ಮರಳು ಕಾಗದ ಉಜ್ಜಿದ ಹಾಗೆ.

ಕಡೂರು ಬಯಲುಸೀಮೆ. ಬೇಸಿಗೆಲಿ ಬಸ್ ಸ್ಟ್ಯಾಂಡ್ ಹತ್ರ ಅರ್ಧ ಗಂಟೆ ನಿಲ್ಲಿಸಿದ ಕಾರಿನ ಬಾನೆಟ್ ಮುಟ್ಟೋಕಾಗಲ್ಲ. ಅಜ್ಜಂಪುರದ ಕಡೆ ಈರುಳ್ಳಿ ಹೊಲದ ಧೂಳು. ತರೀಕೆರೆ ಅರ್ಧ ಬಯಲು, ಅರ್ಧ ಮಲೆನಾಡು. ಅಲ್ಲಿಂದ ಲಿಂಗದಹಳ್ಳಿ ದಾಟಿ, ಕಲ್ಲತ್ತಿಗಿರಿ ಮೇಲೆ ಹತ್ತಿದ್ರೆ 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿ. ಕೆಳಗೆ ಬಿಸಿಲು, ಮೇಲೆ ಸುರಿಯೋ ಮಳೆ. ಅಂದ್ರೆ ನಮ್ಮ ಬ್ಲೇಡು ಬೇಸಿಗೆ ಪೂರ್ತಿ ಕಡೂರಲ್ಲಿ ಒಣಗಿ, ಜೂನಲ್ಲಿ ಪರೀಕ್ಷೆ ಬರೆಯೋಕೆ ಘಾಟಿಗೆ ಹೋಗತ್ತೆ.

ಹೋಗಿದೆಯಾ ಇಲ್ವಾ ನೋಡೋದು ಸುಲಭ. ಗ್ಲಾಸಿಗೆ ನೀರು ಹಾಕಿ ವೈಪರ್ ಆನ್ ಮಾಡಿ. ಗೀಟು ಗೀಟಾಗಿ ನೀರು ಉಳಿದ್ರೆ ಅಂಚು ಹರಿದಿದೆ. ಟಕಟಕ ಅಂತ ಕುಣೀತಾ ಹೋದ್ರೆ ರಬ್ಬರ್ ಗಟ್ಟಿಯಾಗಿದೆ ಅಥವಾ ಆರ್ಮ್ ಬಾಗಿದೆ. ಮಂಜಿನ ಥರ ತೆಳು ಪದರ ಉಳಿದ್ರೆ ತಡೀರಿ, ಆಗಲೇ ದುಡ್ಡು ಖರ್ಚು ಮಾಡಬೇಡಿ. ಗ್ಲಾಸ್ ಜಿಡ್ಡಾಗಿರಬಹುದು. ಗ್ಲಾಸನ್ನ ಚೆನ್ನಾಗಿ ತೊಳೆದು, ಒದ್ದೆ ಬಟ್ಟೇಲಿ ರಬ್ಬರ್ ಅಂಚು ಒರೆಸಿ, ಇನ್ನೊಂದ್ಸಲ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಸರಿ ಹೋಗತ್ತೆ.

3/8
ಅಂಗಡಿಗೆ ಹೋಗೋ ಮುಂಚೆ ಎರಡು ವಿಷಯ ಕೈಯಲ್ಲಿರಲಿ: ಉದ್ದ ಮತ್ತು ಕ್ಲಿಪ್.

ಉದ್ದ ಇಂಚಲ್ಲಿ ಹೇಳ್ತಾರೆ. ಮನೇಲಿ ಟೈಲರ್ ಟೇಪ್ ಇದ್ರೆ ಸಾಕು. ರಬ್ಬರಿನ ಈ ತುದಿಯಿಂದ ಆ ತುದಿವರೆಗೆ ಅಳೀರಿ. ಎರಡೂ ಕಡೆ ಅಳೀರಿ, ಯಾಕಂದ್ರೆ ಬಹಳಷ್ಟು ಕಾರಲ್ಲಿ ಡ್ರೈವರ್ ಕಡೆದು ಉದ್ದ, ಪಕ್ಕದ್ದು ಗಿಡ್ಡ. ಟಾಟಾ ನ್ಯಾನೋಗೆ ಮುಂದೆ ಇರೋದೇ ಒಂದು ವೈಪರ್. "ದೊಡ್ಡದು ಹಾಕಿದ್ರೆ ಜಾಸ್ತಿ ಒರೆಸತ್ತೆ" ಅನ್ನೋರ ಮಾತು ಕೇಳಬೇಡಿ. ಉದ್ದ ಜಾಸ್ತಿಯಾದ್ರೆ ಎರಡೂ ಒಂದಕ್ಕೊಂದು ತಾಗತ್ತೆ ಅಥವಾ ಗ್ಲಾಸಿನ ಪಕ್ಕದ ಕಂಬಕ್ಕೆ ಬಡಿಯತ್ತೆ. ಒಳಗಿರೋ ಮೋಟರಿಗೂ ಭಾರ.

ಕ್ಲಿಪ್ ಅಂದ್ರೆ ಬ್ಲೇಡು ಆರ್ಮಿಗೆ ಸಿಕ್ಕಿಕೊಳ್ಳೋ ಜಾಗ. ನಮ್ಮ ಕಡೆ ಓಡಾಡೋ ಎಷ್ಟೋ ಕಾರಲ್ಲಿ ಆರ್ಮಿನ ತುದಿ ಕೊಕ್ಕೆ ಥರ ಬಾಗಿರತ್ತೆ. ಅದಕ್ಕೆ ಬ್ಲೇಡು ಎಲ್ಲಾ ಕಡೆ ಸಿಗತ್ತೆ. ಕೊಕ್ಕೆ ಇಲ್ಲದೆ, ಗುಂಡಿ ಒತ್ತಿ ಬಿಚ್ಚೋ ಥರ ಇದ್ರೆ ಅದರ ಫೋಟೊ ತೆಗೆದುಕೊಂಡು ಹೋಗಿ.

ಆಮೇಲೆ ಜಾತಿ. ಒಂದು ಫ್ರೇಮ್ ಇರೋದು: ಕಬ್ಬಿಣದ ಕೀಲುಗಳು ಮೂಳೆ ಥರ ಕಾಣತ್ತೆ, ರೇಟು ಕಮ್ಮಿ. ಇನ್ನೊಂದು ಫ್ರೇಮ್ ಇಲ್ಲದ್ದು: ಒಳಗೆ ಬಾಗಿದ ಸ್ಪ್ರಿಂಗ್ ಪಟ್ಟಿ ಇರತ್ತೆ, ಗ್ಲಾಸಿಗೆ ಉದ್ದಕ್ಕೂ ಸಮ ಒತ್ತತ್ತೆ, ತುಕ್ಕು ಹಿಡಿಯೋ ಕೀಲು ಇಲ್ಲ, ರೇಟು ಸ್ವಲ್ಪ ಜಾಸ್ತಿ. ಫ್ರೇಮ್ ಇರೋದರಲ್ಲಿ ಇನ್ನೊಂದು ಅನುಕೂಲ: ಫ್ರೇಮ್ ಗಟ್ಟಿ ಇದ್ರೆ ಬರೀ ರಬ್ಬರ್ ಬದಲಾಯಿಸಬಹುದು. ಹಳೇ ಡ್ರೈವರ್‌ಗಳು ಈಗಲೂ ಹಾಗೇ ಮಾಡ್ತಾರೆ.

4/8
ಈಗ ಅಂಗಡಿ ಮಾತು. ಮೊದಲ ಸಲ ನಾನೊಬ್ಬಳೇ ಕಡೂರಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದಾಗ ಕೌಂಟರಲ್ಲಿದ್ದ ಅಣ್ಣ ನನ್ನ ಹಿಂದೆ ಯಾರಾದ್ರೂ ಇದಾರಾ ಅಂತ ನೋಡಿದ್ರು. "ನಿಮ್ಮಪ್ಪನ್ನ ಕಳ್ಸಮ್ಮ, ಸೈಜು ಗೊತ್ತಿರಬೇಕಲ್ಲ" ಅಂದ್ರು. ನಾನು ಎರಡೂ ಕಡೆ ಉದ್ದ ಹೇಳಿ, ಕೊಕ್ಕೆ ಟೈಪು, ಫ್ರೇಮ್ ಇಲ್ಲದ್ದು ಎಷ್ಟು, ಇರೋದು ಎಷ್ಟು ಅಂತ ಕೇಳಿದೆ. ಆಮೇಲೆ ಒಂದೂ ಮಾತಾಡದೆ ನಾಲ್ಕು ಡಬ್ಬಿ ತೆಗೆದು ಕೌಂಟರ್ ಮೇಲಿಟ್ರು. ನಮ್ ಹುಡುಗೀರಿಗೆ ಹೇಳೋದಿಷ್ಟೇ: ಅಳತೆ ಗೊತ್ತಿದ್ರೆ ಯಾವ ಅಂಗಡಿಯಲ್ಲೂ ಯಾರನ್ನೂ ಕರ್ಕೊಂಡು ಹೋಗೋದು ಬೇಕಿಲ್ಲ.

ಡಬ್ಬಿ ಕೈಗೆ ಬಂದ ತಕ್ಷಣ ತಿರುಗಿಸಿ ಹಿಂದೆ ಓದಿ. ಪ್ಯಾಕ್ ಮಾಡಿದ ಸಾಮಾನಿನ ಮೇಲೆ ಏನೇನು ಬರೆದಿರಬೇಕು ಅಂತ 2011ರ ನಿಯಮಗಳೇ ಇವೆ: ಎಂಆರ್‌ಪಿ, ತಯಾರಿಸಿದವರ ಹೆಸರು ವಿಳಾಸ, ತಿಂಗಳು ಮತ್ತು ವರ್ಷ, ದೂರು ಹೇಳೋಕೆ ನಂಬರ್. ಇದ್ಯಾವುದೂ ಇಲ್ಲದೆ ಬರೀ ಹೊಳೆಯೋ ಡಬ್ಬಿ ಇದ್ರೆ, ಹೆಸರಲ್ಲಿ ಒಂದಕ್ಷರ ಆಚೀಚೆ ಇದ್ರೆ, ವಾಪಸ್ ಇಡಿ.

ಇದರಲ್ಲಿ ಎಲ್ಲರೂ ಬಿಟ್ಟುಬಿಡೋದು ತಿಂಗಳು-ವರ್ಷ. ರಬ್ಬರಿಗೆ ಡಬ್ಬಿಯೊಳಗೂ ವಯಸ್ಸಾಗತ್ತೆ. ಅಂಗಡಿ ಬಾಗಿಲಲ್ಲಿ ಬಿಸಿಲಿಗೆ ನೇತುಹಾಕಿದ್ದು ಇನ್ನೂ ಬೇಗ. "ಅಣ್ಣ, ಒಳಗಿರೋದು ಕೊಡಿ, ಹೊಸ ಸ್ಟಾಕ್ ನೋಡಿ ಕೊಡಿ" ಅಂತ ಕೇಳಿ. ಯಾರೂ ಬೇಜಾರಾಗಲ್ಲ.

ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೇ ರೇಟು ಹೇಳಿದ್ರೆ ನಗುನಗ್ತಾ ಇದನ್ನ ನೆನಪಿಸಿ, ಬಿಲ್ ಕೇಳಿ. ಬಿಲ್ ಇದ್ರೆ ತಾನೆ ವಾಪಸ್ ತರೋ ಧೈರ್ಯ ಬರೋದು.

5/8
ಇದೆಲ್ಲಾ ನಮ್ಮನೇಲಿ ಇಷ್ಟು ಸೀರಿಯಸ್ ಆಗೋಕೆ ಒಂದು ಕಾರಣ ಇದೆ.

ಹೋದ ವರ್ಷದ ಮಳೆಗಾಲ. ಅಪ್ಪನ ಕಾರು ರಿಪೇರಿಗೆ ಬಿಟ್ಟಿತ್ತು ಅಂತ ಪರಿಚಯದವರ ಕಾರ್ ತಗೊಂಡು ಬಾಡಿಗೆ ಹೋಗಿದ್ರು. ಗಂಡ, ಹೆಂಡತಿ, ನಾಲ್ಕು ವರ್ಷದ ಮಗು. ಕೆಮ್ಮಣ್ಣುಗುಂಡಿಯಿಂದ ಇಳಿಯುವಾಗ ಸಂಜೆ ಮಳೆ ಹಿಡ್ಕೊಳ್ತು. ಮೂರನೇ ತಿರುವಲ್ಲಿ ಡ್ರೈವರ್ ಕಡೆ ಬ್ಲೇಡಿನ ರಬ್ಬರ್ ಫ್ರೇಮಿಂದ ಕಳಚಿ ಹಾವಿನ ಥರ ಗ್ಲಾಸ್ ಮೇಲೆ ಆಡೋಕೆ ಶುರುವಾಯ್ತು. ಬರೀ ಕಬ್ಬಿಣ ಗ್ಲಾಸಿಗೆ ಉಜ್ಜೋ ಸದ್ದು. ಮುಂದೆ ರಸ್ತೆ ಇಲ್ಲ, ಬರೀ ಬಿಳಿ ನೀರು.

ಅಪ್ಪ ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, ನಡೆಯೋ ವೇಗದಲ್ಲಿ ಒಂದು ಅಗಲ ಜಾಗದವರೆಗೆ ತಂದು ನಿಲ್ಲಿಸಿದ್ರಂತೆ. ಇಂಡಿಕೇಟರ್ ಹಾಕಿ, ಪಕ್ಕದ ಸೀಟಿನ ಕಡೆ ಬ್ಲೇಡ್ ಬಿಚ್ಚಿ ತಮ್ಮ ಕಡೆಗೆ ಹಾಕ್ಕೊಂಡ್ರು. ಎರಡಕ್ಕೂ ಒಂದೇ ಕೊಕ್ಕೆ, ಉದ್ದ ಮಾತ್ರ ಗಿಡ್ಡ. ಬ್ಲೇಡ್ ಇಲ್ಲದ ಆರ್ಮಿಗೆ ಬಟ್ಟೆ ಸುತ್ತಿ ಕಟ್ಟಿದ್ರು. ಗ್ಲಾಸಿಗೆ ಬೀಡಿ ತಂಬಾಕು ಉಜ್ಜಿದ್ರು. ಹಳೇ ಡ್ರೈವರ್‌ಗಳ ಉಪಾಯ ಅದು, ನೀರು ಹನಿ ಹನಿಯಾಗಿ ನಿಲ್ಲದೆ ಹಾಳೆ ಥರ ಜಾರತ್ತೆ. ಕೆಲವರು ಹಸಿ ಆಲೂಗಡ್ಡೆ ಉಜ್ಜುತ್ತಾರೆ. ಮಳೆ ಕಮ್ಮಿಯಾಗೋವರೆಗೆ ಕಾದು, ಲಿಂಗದಹಳ್ಳಿ ತಲುಪಿದಾಗ ರಾತ್ರಿ ಒಂಬತ್ತಾಗಿತ್ತು. ಅವರಿಗೆ ರೈಲು ತಪ್ಪಿತು. ಅಪ್ಪ ಬಾಡಿಗೆ ತಗೊಳ್ಳಲಿಲ್ಲ. ಮನೆಗೆ ಬಂದು ಊಟನೂ ಮಾಡಲಿಲ್ಲ. ಅಮ್ಮ ಎಷ್ಟು ಕೇಳಿದ್ರೂ "ಆ ಮಗು ಅಳ್ತಾ ಇತ್ತು ಕಣೇ" ಅಂತ ಅಷ್ಟೇ ಅಂದ್ರು.

ಕಿಟಕಿಯಿಂದ ತಲೆ ಹೊರಗೆ ಹಾಕಿ ಓಡಿಸೋದು ಅಂದ್ರೆ ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋದ ಹಾಗೆ. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ನ್ಯೂಯಾರ್ಕಿನ ಟ್ರಾಮಿನಲ್ಲಿ ಹೋಗುವಾಗ, ಹಿಮ ಬಿದ್ದು ಗ್ಲಾಸ್ ಕಾಣದೆ ಡ್ರೈವರ್ ಪಡ್ತಿದ್ದ ಪಾಡು ನೋಡಿದ್ರು. ಒಳಗಿಂದಲೇ ಹಿಡಿ ತಿರುಗಿಸಿ ಗ್ಲಾಸ್ ಒರೆಸೋ ಸಾಧನ ಮಾಡಿ 1903ರಲ್ಲಿ ಪೇಟೆಂಟ್ ತಗೊಂಡ್ರು. ಕೆನಡಾದ ಒಂದು ಕಂಪನಿ ಇದಕ್ಕೆ ವ್ಯಾಪಾರದ ಬೆಲೆ ಇಲ್ಲ ಅಂತ ವಾಪಸ್ ಕಳಿಸ್ತು. ಇವತ್ತು ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿಗೆ ಸರಿಯಾಗಿ ಕೆಲಸ ಮಾಡೋ ವೈಪರ್ ಇರಲೇಬೇಕು. ಹಳದಿ ಬೋರ್ಡಿಗೆ ಎಫ್‌ಸಿ ಮಾಡಿಸುವಾಗ ಅದನ್ನೂ ನೋಡ್ತಾರೆ.

6/8
ಶೋರೂಮಾ, ಆನ್‌ಲೈನಾ?

ಶೋರೂಮಿನ ಸರ್ವಿಸ್ ಸೆಂಟರಲ್ಲಿ ಒಂದು ನೆಮ್ಮದಿ ಇದೆ. ಕಾರಿನ ಮಾಡೆಲ್ ಹೇಳಿದ್ರೆ ಸಾಕು, ಅಳತೆ ತಪ್ಪೋ ಮಾತೇ ಇಲ್ಲ. ಆದ್ರೆ ಬರೀ ಬ್ಲೇಡಿಗೋಸ್ಕರ ಕಡೂರಿಂದ ಚಿಕ್ಕಮಗಳೂರಿಗೋ, ತರೀಕೆರೆಯಿಂದ ಶಿವಮೊಗ್ಗಕ್ಕೋ ಹೋಗಿ ಬಂದ್ರೆ ಲೆಕ್ಕ ಹಾಕಿ. ಕಡೂರಿಂದ ಚಿಕ್ಕಮಗಳೂರು ಸುಮಾರು 40 ಕಿಲೋಮೀಟರ್. ಹೋಗಿ ಬರೋದು 80. ಲೀಟರಿಗೆ 16 ಕೊಡೋ ಕಾರಾದ್ರೆ 5 ಲೀಟರ್ ಪೆಟ್ರೋಲ್. ಬ್ಲೇಡಿನ ದುಡ್ಡು ಪೆಟ್ರೋಲಿಗೇ ಹೋಯ್ತು. ಹೆಂಗೂ ಸರ್ವಿಸಿಗೆ ಬಿಟ್ಟಿದ್ರೆ ಹಾಕಿಸಿಕೊಳ್ಳಿ. ಅದಕ್ಕಂತಲೇ ಹೋಗಬೇಡಿ.

ಆನ್‌ಲೈನಲ್ಲಿ ರೇಟು ಎಷ್ಟೋ ಸಲ ಕಮ್ಮಿ, ಆಯ್ಕೆ ಜಾಸ್ತಿ. ಹಿಂದಿನ ಗ್ಲಾಸಿನ ವೈಪರ್, ಅಪರೂಪದ ಕ್ಲಿಪ್ಪು, ಹಳೇ ಮಾಡೆಲ್ ಕಾರು ಇಂಥವಕ್ಕೆ ನಾನೂ ಅಲ್ಲೇ ನೋಡ್ತೀನಿ. ಊರಲ್ಲಿ ಸಿಗಲ್ಲ ಅಂದ್ಮೇಲೆ ಇನ್ನೇನು ಮಾಡೋದು?

ಆದ್ರೆ ನಮ್ಮ ಕ್ಲಾಸಿನ ಒಬ್ಬನ ಕಥೆ ಕೇಳಿ. ಜೂನ್ ಮೊದಲ ವಾರ ಆರ್ಡರ್ ಹಾಕಿದ. ಬಂದಿದ್ದು ಐದನೇ ದಿನ. ಡಬ್ಬೀಲಿ ನಾಲ್ಕು ಥರ ಪ್ಲಾಸ್ಟಿಕ್ ಕ್ಲಿಪ್, ಒಂದೂ ಕೂರಲ್ಲ. ವಾಪಸ್ ಕಳಿಸಿ, ದುಡ್ಡು ಬಂದು, ಇನ್ನೊಂದು ತರಿಸೋ ಹೊತ್ತಿಗೆ ಮೂರು ವಾರ. ಅಷ್ಟೂ ದಿನ ಅವರ ಮಾವ ಹರಕು ಬ್ಲೇಡಲ್ಲೇ ಮಳೇಲಿ ಓಡಾಡಿದ್ರು. ಉಳಿದಿದ್ದು ಎಂಬತ್ತು ರೂಪಾಯಿ.

ಆನ್‌ಲೈನ್ ಕೆಟ್ಟದ್ದು ಅಂತಲ್ಲ. ಅದು ಏಪ್ರಿಲ್ ತಿಂಗಳ ಅಂಗಡಿ, ಜೂನ್ ತಿಂಗಳದ್ದಲ್ಲ. ಕಾಯೋಕೆ ಟೈಮ್ ಇದ್ದಾಗ ತರಿಸಿ.

7/8
ಹಂಗಾದ್ರೆ ನಾವು ಎಲ್ಲಿ ತಗೋತೀವಿ? ಮೂರೂ ಊರಿಗೆ ಮೂರು ಥರ.

ಕಡೂರು, ಬೀರೂರು ಕಡೆಯೋರಿಗೆ: ಹೆದ್ದಾರಿ ಊರು, ಲಾರಿ, ಟ್ಯಾಕ್ಸಿ ಓಡಾಟ ಜಾಸ್ತಿ. ಸಾಮಾನ್ಯ ಸೈಜು ಊರಲ್ಲೇ ನೋಡಿ. ಆದ್ರೆ ಮಳೆ ಶುರುವಾಗೋ ಮುಂಚೆ ಹೋಗಿ. ಮೊದಲ ಜೋರು ಮಳೆ ಬಿದ್ದ ಮಾರನೇ ದಿನ ಎಲ್ಲರಿಗೂ ಒಟ್ಟಿಗೆ ನೆನಪಾಗತ್ತೆ, ನಿಮ್ಮ ಸೈಜೇ ಖಾಲಿಯಾಗಿರತ್ತೆ.

ತರೀಕೆರೆಯೋರಿಗೆ: ಘಾಟಿ ಹತ್ತೋ ಮುಂಚಿನ ದೊಡ್ಡ ಊರು ನಿಮ್ಮದೇ. ಕೆಮ್ಮಣ್ಣುಗುಂಡಿಗೋ, ಲಕ್ಕವಳ್ಳಿ ಡ್ಯಾಮಿಗೋ ಹೊರಟೋರು ನಿಮ್ಮೂರಲ್ಲೇ ನಿಲ್ಲಿಸಿ ಗ್ಲಾಸಿಗೆ ನೀರು ಹಾಕಿ ನೋಡಬೇಕು. ಬೇರೆ ಊರಿಂದ ಬರೋ ನೆಂಟರಿಗೂ ಹೇಳಿ.

ಅಜ್ಜಂಪುರದೋರಿಗೆ: ಊರು ಸಣ್ಣದು, ಎಲ್ಲಾ ಸೈಜೂ ಇಟ್ಟಿರಲ್ಲ. ಅದಕ್ಕೆ ಒಂದು ದಿನ ಮುಂಚೆ ಅಂಗಡಿಯವರಿಗೆ ಉದ್ದ, ಕ್ಲಿಪ್ ಹೇಳಿ ಬನ್ನಿ. "ನಾಳೆ ಬಸ್ಸಿಗೆ ಹಾಕಿಸ್ತೀನಿ" ಅಂತಾರೆ, ನಮ್ಮ ಕಡೆ ಬಿಡಿಭಾಗ ಬರೋದೇ ಹಾಗೆ. ಬಸ್ಸು ಬಂತು, ಪಾರ್ಸೆಲ್ ಇಳೀತು, ಸಂಜೆ ಹಾಕಿಸ್ಕೊಂಡ್ರಿ. ಇದಕ್ಕಿಂತ ಫಾಸ್ಟ್ ಡೆಲಿವರಿ ಯಾವ ಆಪಲ್ಲಿದೆ ಹೇಳಿ?

ಎಲ್ಲಾ ಊರಿಗೂ ಒಂದೇ ಮಾತು: ಕಾರ್ ತಗೊಂಡು ಹೋಗಿ, ಅಂಗಡಿ ಮುಂದೆನೇ ಹಾಕಿಸಿ, ಒಂದು ಬಾಟಲ್ ನೀರು ಸುರಿದು ನೋಡಿ. ಗೀಟು ಬಂದ್ರೆ, ಸದ್ದು ಬಂದ್ರೆ, ಅಲ್ಲೇ ಬದಲಾಯಿಸಿ. ಆಮೇಲೇ ದುಡ್ಡು ಕೊಡಿ. ಇದಕ್ಕೆ ಒಪ್ಪೋ ಅಂಗಡಿನೇ ಒಳ್ಳೇ ಅಂಗಡಿ. ಬೋರ್ಡು ದೊಡ್ಡದಿರಲಿ ಸಣ್ಣದಿರಲಿ, ಹತ್ತಿಪ್ಪತ್ತು ರೂಪಾಯಿ ಆಚೀಚೆ ಇರಲಿ. ನಮ್ಮಪ್ಪ ಅಂಗಡಿ ಆರಿಸೋದು ಈ ಒಂದೇ ಲೆಕ್ಕದಲ್ಲಿ. "ರೇಟು ಎಲ್ಲಾರೂ ಹೇಳ್ತಾರೆ, ನೀರು ಹಾಕಿ ನೋಡು ಅಂತ ಎಷ್ಟು ಜನ ಹೇಳ್ತಾರೆ?" ಅಂತಾರೆ.

8/8
ಕೊನೇದು, ನೀವೇ ಹಾಕೋದಾದ್ರೆ.

ಆರ್ಮ್ ಎತ್ತಿ ಹಳೇ ಬ್ಲೇಡ್ ಬಿಚ್ಚೋ ಮುಂಚೆ ಗ್ಲಾಸ್ ಮೇಲೆ ದಪ್ಪ ಟವೆಲ್ ಮಡಚಿ ಇಡಿ. ಬ್ಲೇಡ್ ಇಲ್ಲದ ಆರ್ಮು ಕೈ ಜಾರಿದ್ರೆ ಸ್ಪ್ರಿಂಗಿನ ಜೋರಿಗೆ ಬಡಿದು ಗ್ಲಾಸೇ ಸೀಳತ್ತೆ. ಕೊಕ್ಕೆ ಟೈಪಾದ್ರೆ ಸಣ್ಣ ಗುಂಡಿ ಒತ್ತಿ ಬ್ಲೇಡನ್ನ ಕೆಳಕ್ಕೆ ಎಳೆದ್ರೆ ಬರತ್ತೆ. ಹೊಸದು ಕೂರಿಸುವಾಗ "ಟಕ್" ಅಂತ ಸದ್ದು ಬರಬೇಕು. ಬರದಿದ್ರೆ ಕೂತಿಲ್ಲ ಅಂತ ಅರ್ಥ. ಹೊಸ ರಬ್ಬರಿಗೆ ಪ್ಲಾಸ್ಟಿಕ್ ಕವಚ ಇರತ್ತೆ, ಅದನ್ನ ತೆಗೀರಿ. ತೆಗೆಯದೆ ಹಾಕಿ "ಒರೆಸ್ತಾನೇ ಇಲ್ಲ" ಅನ್ನೋರೂ ಇದಾರೆ.

ಬಾಳಿಕೆ ಬರಬೇಕಾ? ವಾರಕ್ಕೊಮ್ಮೆ ಒದ್ದೆ ಬಟ್ಟೇಲಿ ರಬ್ಬರ್ ಅಂಚು ಒರೆಸಿ. ಧೂಳಿದ್ದಾಗ ನೀರು ಹೊಡೆಯದೆ ವೈಪರ್ ಹಾಕಬೇಡಿ. ಮರದ ನೆರಳು ಸಿಕ್ಕಿದ್ರೆ ಅಲ್ಲೇ ನಿಲ್ಲಿಸಿ. ಹೀಗೆ ನೋಡ್ಕೊಂಡ್ರೂ ವರ್ಷಕ್ಕೊಂದ್ಸಲ ಬದಲಾಯಿಸೋದು ಒಳ್ಳೇದು. ನಾವು ಮೇ ತಿಂಗಳಲ್ಲಿ ಬದಲಾಯಿಸ್ತೀವಿ. ಬಿಚ್ಚಿದ ಹಳೇದರಲ್ಲಿ ಪರವಾಗಿಲ್ಲ ಅನ್ನೋದನ್ನ ಡಿಕ್ಕೀಲಿ ಇಟ್ಕೋತೀವಿ. ಘಾಟಿ ಮಧ್ಯ ಹೊಸದು ಕೈ ಕೊಟ್ರೆ, ಮನೆ ಮುಟ್ಟೋಕೆ ಅದು ಸಾಕು.

ಇದನ್ನ ಓದ್ತಿರೋ ಬಹಳ ಜನರ ಹತ್ರ ಸ್ವಂತ ಕಾರಿಲ್ಲ, ಗೊತ್ತು. ನಿಮ್ಮಪ್ಪಂದೋ, ಚಿಕ್ಕಪ್ಪಂದೋ, ದಿನಾ ನೀವು ಕಾಲೇಜಿಗೆ ಬರೋ ವ್ಯಾನಿಂದೋ ಇರತ್ತಲ್ಲ. ಓಡಿಸೋರು ಅವರಾದ್ರೂ ಆ ಗ್ಲಾಸಿನ ಹಿಂದೆ ಕೂತಿರೋರು ನೀವು. ಇವತ್ತು ಸಂಜೆ ಒಂದು ಚೊಂಬು ನೀರು ಹಾಕಿ ವೈಪರ್ ಆನ್ ಮಾಡಿಸಿ. ಬೈದ್ರೆ ನನ್ನ ಹೆಸರು ಹೇಳಿ.

ಗೀಟು ಬಂತಾ, ಸದ್ದು ಬಂತಾ, ಕಾಮೆಂಟಲ್ಲಿ ಬರೀರಿ. ಕಾರಿನ ಮಾಡೆಲ್, ಎರಡೂ ಕಡೆ ಅಳತೆ ಹಾಕಿದ್ರೆ ಎಲ್ಲಾ ಸೇರಿಸಿ ಒಂದು ಪಟ್ಟಿ ಮಾಡಿ ಸ್ಟೋರೀಲಿ ಹಾಕ್ತೀನಿ. ಅಂಗಡಿಗೆ ಹೋಗೋರು ಸ್ಕ್ರೀನ್‌ಶಾಟ್ ತಗೊಂಡು ಹೋಗಬಹುದು.

#ಕಡೂರು #ಬೀರೂರು #ತರೀಕೆರೆ #ಅಜ್ಜಂಪುರ #ಕೆಮ್ಮಣ್ಣುಗುಂಡಿ #ಮಳೆಗಾಲ #ವೈಪರ್